ಎಡಕ್ಕೆ ಸುತ್ತಿದ ರೈಲು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ರೈಲಿನ ಡಬ್ಬಿಗಳು ಹಸಿರಾಗಿದ್ದವು ಎಂದು ನನ್ನ ನೆನಪು ಆಣೆ ಮಾಡಿ ಹೇಳುತ್ತದೆ. ಆಗ ನಾನೇ ಬರೆದ ದಿನಚರಿಯಲ್ಲಿ ‘ಕೆಂಪು ಡಬ್ಬಿಗಳು’ ಎಂದಿದೆ. ಇಬ್ಬರೂ ನನ್ನವರೇ ಆದ್ದರಿಂದ ಯಾರ ಪಕ್ಷ ವಹಿಸಬೇಕೋ ತಿಳಿಯದೆ ಸುಮ್ಮನಿದ್ದೇನೆ. ನಾವು ಹಾಲಿನವನನ್ನು, ಪಕ್ಕದ ಮನೆಯವರನ್ನು, ಅಂಗಡಿಯ ತೂಕದ ಕಲ್ಲನ್ನು ಸಂಶಯದಿಂದ ನೋಡುತ್ತೇವೆ. ನೆನಪನ್ನು ಮಾತ್ರ ಮನೆಮಗಳಂತೆ ಒಳಗೆ ಬಿಟ್ಟುಕೊಳ್ಳುತ್ತೇವೆ. ಆ ದಿನಗಳಲ್ಲಿ ನಾನು ಸಪ್ತಾಪುರದಲ್ಲಿ ಕೋಣೆ ಹಿಡಿದು ತರ್ಕಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೆ. ಸಂಶಯ ಪಡುವುದಕ್ಕೆ ನನಗೆ ವಿಶ್ವವಿದ್ಯಾಲಯದ ಪರವಾನಗಿಯೇ ಸಿಕ್ಕಂತಿತ್ತು.

ಚೌತಿಗೆ ಹುಬ್ಬಳ್ಳಿಗೆ, ಕೇಶ್ವಾಪುರದ ನಮ್ಮ ಮನೆಗೆ ಬಂದಾಗ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಣಪತಿಯ ಸುತ್ತ ಮಾಡುವ ಅಲಂಕಾರಕ್ಕೆ ನಮ್ಮ ಕಡೆ ಆರಾಸ ಎನ್ನುತ್ತಾರೆ. ಹಿಂದಿನ ವರ್ಷ ಪಕ್ಕದ ಮನೆಯ ನಾನಾ ಕಾಕಾ ತಮ್ಮ ಆರಾಸದಲ್ಲಿ ನೀರು ಹರಿಯುವ ಜಲಪಾತ ಮಾಡಿ ಓಣಿಯ ಮಂದಿಯನ್ನೆಲ್ಲ ಎಳೆದುಕೊಂಡಿದ್ದರು. ಅಕ್ಷತೆ ಹಿಡಿದು ಮನೆಮನೆಯ ಗಣಪತಿ ನೋಡುತ್ತ ಬಂದ ಮಕ್ಕಳು ನಮ್ಮ ಮನೆಯಲ್ಲಿ ಅಕ್ಷತೆ ಎರಚಿ, ಜಲಪಾತದ ಕಡೆಗೆ ಓಡಿದ್ದರು. ಅಪ್ಪ ಅದನ್ನು ಮರೆತಿರಲಿಲ್ಲ. ಅವರು ರೈಲ್ವೆ ಕಚೇರಿಯ ಗುಮಾಸ್ತರು. ಆಯುಷ್ಯವಿಡೀ ಫೈಲು ಓಡಿಸಿದವರು, ರೈಲು ಓಡಿಸಿದವರಲ್ಲ. ಆ ವರ್ಷ ಮುಂಬೈಯ ಮಾವ ಬ್ಯಾಟರಿಯ ಗೊಂಬೆ ರೈಲೊಂದನ್ನು ತಂದುಕೊಟ್ಟಾಗ ಅಪ್ಪನ ಮುಖದಲ್ಲಿ ಬಡ್ತಿ ಸಿಕ್ಕವರ ಕಳೆ ಬಂತಂತೆ.

ಗೋಣಿತಟ್ಟಿನ ಗುಡ್ಡ, ಗುಡ್ಡದೊಳಗೆ ಸುರಂಗ, ರಟ್ಟಿನ ಸ್ಟೇಷನ್ನು, ಬಣ್ಣದ ಜಿಲೇಟಿನ್ ಕಾಗದ ಸುತ್ತಿದ ಟಾರ್ಚ್ ಬಲ್ಬುಗಳು. ನಡುವೆ ಗಣಪತಿ, ಸುತ್ತಲೂ ಹಳಿ, ಬ್ಯಾಟರಿಯಿಂದ ಹಳಿಗೆ ಎರಡು ವೈರು. ಅವ್ವ ಕಡುಬಿನ ಕಣಕ ನಾದುತ್ತಲೇ, “ಗಣಪತಿಗೆ ಇಲಿ ಸಾಲದಾತೇನು, ರೈಲು ಬೇಕಾತು?” ಎಂದಳು. ಅಪ್ಪನ ಅಕ್ಕ, ನಮ್ಮ ಅತ್ಯಾ, ಏನೂ ಅನ್ನಲಿಲ್ಲ. ಕಂಬಕ್ಕೊರಗಿ ಬತ್ತಿ ಹೊಸೆಯುತ್ತ ರೈಲನ್ನೇ ನೋಡುತ್ತಿದ್ದಳು. ಅತ್ಯಾ ಸುಮ್ಮನಿದ್ದಾಳೆಂದರೆ ಸಂಶಯ ಪಡಬೇಕೆಂದು ನನಗೆ ಯಾವ ಪ್ರೊಫೆಸರರೂ ಕಲಿಸಿರಲಿಲ್ಲ.

ಚೌತಿಯ ಸಂಜೆ ಪಡಸಾಲೆಯ ದೀಪ ಆರಿಸಿ ಅಪ್ಪ ಗುಂಡಿ ಒತ್ತಿದರು. ಎಂಜಿನ್ನಿನ ಮುಂದೀಪ ಹೊತ್ತಿತು, ಡಬ್ಬಿಗಳ ಕಿಟಕಿಗಳು ಬೆಳಗಿದವು, ರೈಲು ಸುರಂಗದೊಳಗೆ ನುಗ್ಗಿ ಗಣಪತಿಯ ಬೆನ್ನ ಹಿಂದಿನಿಂದ ಹಾಯ್ದು ಬಂತು. ಮಕ್ಕಳು ಅಕ್ಷತೆ ಎರಚುವುದನ್ನೇ ಮರೆತರು. ನಾನಾ ಕಾಕಾ ನಿವೃತ್ತ ಗಣಿತದ ಮಾಸ್ತರರು, ಹವ್ಯಾಸಕ್ಕೆ ಓಣಿಯ ರೇಡಿಯೋಗಳನ್ನೆಲ್ಲ ಬಿಚ್ಚಿ ಜೋಡಿಸುವವರು. ಅವರು ಬಹಳ ಹೊತ್ತು ನೋಡಿ, “ಟೈಮಿಗೆ ಸರಿಯಾಗಿ ಬರಾಕತ್ತದ. ಅಂದ್ರ ಇದು ಖರೇ ರೈಲಲ್ಲ ಬಿಡ್ರಿ” ಎಂದರು. ಎಲ್ಲರೂ ನಕ್ಕರು. ನಾನು ಆ ನಗೆಯ ಹಿಂದೆ ಹೊಟ್ಟೆಕಿಚ್ಚನ್ನು ಗುರುತಿಸಿ ಇಟ್ಟುಕೊಂಡೆ.

ಮಲಗುವ ಮುನ್ನ ರೈಲನ್ನು ಹಳಿಯಿಂದ ಎತ್ತಿ ಪೆಟ್ಟಿಗೆಯಲ್ಲಿಡುವುದು ನಮ್ಮ ಪದ್ಧತಿಯಾಯಿತು. ಇಲಿಗಳ ಕಾಟ, ಗಣಪತಿ ಮನೆಯಲ್ಲಿರುವ ಐದು ದಿನ ಅವು ಸ್ವಾಮಿಯ ವಾಹನವಾದ್ದರಿಂದ ಬೋನು ಇಡುವಂತಿರಲಿಲ್ಲ. ಬೆಳಿಗ್ಗೆ ಯಾರ ಕೈ ಬಿಡುವಾಗಿರುತ್ತದೋ ಅವರು ಮತ್ತೆ ಹಳಿಗೆ ಏರಿಸುವುದು.

ಮರುದಿನ ಬೆಳಿಗ್ಗೆ ಅಪ್ಪ ಗುಂಡಿ ಒತ್ತಿದರೆ ರೈಲು ಹಿಂದುಹಿಂದಕ್ಕೆ ಹೊರಟಿತು. ಬಾಲದ ಡಬ್ಬಿ ಮುಂದೆ, ಎಂಜಿನ್ನು ಹಿಂದೆ, ದೀಪ ಬಂದ ದಾರಿಯನ್ನು ನೋಡುತ್ತ ಹೋಗಿ, ಸುರಂಗದೊಳಗೆ ಡಬ್ಬಿಗಳೆಲ್ಲ ಮಗುಚಿ ಬಿದ್ದವು. ಅಪ್ಪ ಗೋಣಿತಟ್ಟಿನ ಗುಡ್ಡದೊಳಗೆ ಭುಜದವರೆಗೂ ಕೈ ಹಾಕಿ ತಡಕಾಡುತ್ತ, “ಯಾರೋ ವೈರು ಅದಲುಬದಲು ಮಾಡ್ಯಾರ” ಎಂದರು. ಅಷ್ಟು ಸಾಕಾಗಿತ್ತು ನನಗೆ. ವೈರು ಬದಲಾಗಿದೆ, ವೈರಿನ ಮರ್ಮ ಬಲ್ಲವರು ಓಣಿಯಲ್ಲಿ ಒಬ್ಬರೇ, ಅವರು ದಿನಾ ಬೆಳಿಗ್ಗೆ ಪೂಜೆಗೆ ಕರಕಿ ಹುಲ್ಲು ಕೀಳಲು ನಮ್ಮ ಹಿತ್ತಲಿಗೆ ಬರುತ್ತಾರೆ, ಬಂದವರು ಪಡಸಾಲೆಗೆ ಇಣುಕಿಯೇ ಹೋಗುತ್ತಾರೆ. ಪರೀಕ್ಷೆಯಲ್ಲಿ ಇಂಥ ಉತ್ತರ ಬರೆದಿದ್ದರೆ ಪೂರ್ತಿ ಅಂಕ ಬರುತ್ತಿದ್ದವು.

ನಾನಾ ಕಾಕಾ ಆಗಲೇ ಹಿಡಿ ಕರಕಿಯೊಂದಿಗೆ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ನಾನು ಕೇಳಿಯೇಬಿಟ್ಟೆ. “ಕಾಕಾ, ನಮ್ಮ ರೈಲಿನ ವೈರಿಗೆ ನೀವು ಕೈ ಹಚ್ಚಿದ್ರೇನು?”

ಅವರು ಚೇಷ್ಟೆ ಎಂದುಕೊಂಡು ಮೊದಲು ನಕ್ಕರು. ನಗದ ನನ್ನ ಮುಖ ನೋಡಿ ನಗೆ ನಿಲ್ಲಿಸಿದರು. “ನಿನ್ನಿ ಇಲ್ಲಿಂದ ಹೋಗಿ, ಚಂದ್ರ ಕಾಣಬಾರದಂತ ಕಿಡಕಿ ಹಾಕ್ಕೊಂಡು ಕೂತಿದ್ದೆ. ಆದರೂ ಅಪವಾದ ಮನಿ ಹುಡುಕ್ಕೊಂಡು ಬಂತು ನೋಡು” ಎಂದು, ಕಿತ್ತ ಕರಕಿಯನ್ನು ನಮ್ಮ ಹೊಸ್ತಿಲ ಮೇಲೇ ಇಟ್ಟು ಹೊರಟುಹೋದರು. ಅತ್ಯಾ ಅಲ್ಲಿಯೇ ಇದ್ದಳು. ಬತ್ತಿ ಹೊಸೆಯುವ ಕೈ ನಿಂತಿತ್ತು.

ಅಪ್ಪ ನನ್ನನ್ನು ಬೈಯಲಿಲ್ಲ, ಅದೇ ಕಷ್ಟವಾಯಿತು. ನಾನು ಹುಟ್ಟುವುದಕ್ಕೆ ಮುಂಚಿನಿಂದ ನಮ್ಮ ಗಣಪತಿಗೆ ಆರತಿ ಹಾಡುವವರು ನಾನಾ ಕಾಕಾ. ಅಪ್ಪನ ದನಿಗೆ ದೇವರೇ ಎದ್ದುಹೋಗಬಹುದೆಂದು ಅವ್ವನಿಗೆ ಭಯ. ಸಂಜೆಯವರೆಗೆ ಹೊಸ್ತಿಲ ಮೇಲಿನ ಕರಕಿಯನ್ನು ಯಾರೂ ಎತ್ತಲಿಲ್ಲ. ಎಲ್ಲರೂ ದಾಟಿ ದಾಟಿ ಓಡಾಡಿದೆವು. ಕೊನೆಗೆ ಅಪ್ಪ, “ಸುಮಿ, ನೀನ ಆಡಿದ್ದು, ನೀನ ಹೋಗಿ ಕರಕೊಂಡು ಬಾ. ಅವರು ಬರಲಿಲ್ಲಂದ್ರ ಇವತ್ತ ಆರತಿ ಇಲ್ಲ” ಎಂದು ವೈರುಗಳನ್ನು ಬಿಚ್ಚಿ ಅದಲುಬದಲು ಮಾಡಿ ಕಟ್ಟಿದರು. ರೈಲು ಮುಂದುಮುಂದಕ್ಕೆ ಸೊಗಸಾಗಿ ಓಡಿತು. ಅತ್ಯಾ ಎದ್ದು ಬಂದು ಎರಡೂ ಕೈ ಜೋಡಿಸಿದಳು.

“ಈಗ ಛಲೋ ಆತು. ನಿನ್ನಿ ಎಡಕ್ಕ ಸುತ್ತತಿತ್ತು. ದೇವರಿಗೆ ಹಂಗ ಸುತ್ತಬಾರದು.”

ಆಗಲೇ ನಾನು ನೋಡಿದ್ದು. ರೈಲು ಗಣಪತಿಯನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಹಾಕುತ್ತಿತ್ತು.

ನಾನಾ ಕಾಕಾನ ಬಾಗಿಲಲ್ಲಿ ನಿಂತು ಅಷ್ಟನ್ನೂ ಹೇಳಿದೆ. ತಪ್ಪಾಯಿತು ಎನ್ನುವ ಮಾತನ್ನು ಮಾತ್ರ ಬಿಟ್ಟೆ. ಅವರು ಕನ್ನಡಕ ಒರೆಸುತ್ತ ಕೇಳಿಸಿಕೊಂಡರು. “ವೈರು ಯಾರೂ ಮುಟ್ಟಿಲ್ಲ. ಬೆಳಿಗ್ಗೆ ಯಾರೋ ಇಡೀ ರೈಲಿನ ಮಾರಿ ತಿರುಗಿಸಿ ಹಳಿ ಮ್ಯಾಲೆ ಇಟ್ಟಾರ. ಇಂಥ ರೈಲಿನ ಮಾರಿ ಯಾಕಡೆ ತಿರುಗಿಸಿದ್ರೂ ವೈರು ಹೇಳಿದ ದಿಕ್ಕಿಗೇ ಓಡ್ತದ, ಅದಕ್ಕ ಹಿಂದಕ್ಕ ಓಡ್ಯದ. ವೈರು ತಿಳಿದಾಂವ ಮಾಡೋ ಕೆಲಸ ಅಲ್ಲ ಇದು. ಎಮ್ಮೆ ಓದಾಕಿಗೆ ಇಷ್ಟು ತಿಳೀಲಿಲ್ಲೇನು?”

ಅವರು ಬಂದರು. ಮಂದಿಯ ಎದುರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, “ನನ್ನ ಕೈ ಎಲ್ಲಿ ಅದಾವಂತ ಎಲ್ಲಾರೂ ನೋಡಿಕೊಳ್ರಿ” ಎಂದು ಆರತಿ ಹಾಡಿದರು. ಆಮೇಲೆ ವರ್ಷಗಟ್ಟಲೆ, ನಮ್ಮ ಮನೆಯೊಳಗೆ ಬರುವಾಗಲೆಲ್ಲ ಅವರು ನನ್ನನ್ನು ಕಂಡೊಡನೆ ಕೈ ಹಿಂದೆ ಕಟ್ಟುತ್ತಿದ್ದರು.

ಆದರೆ ರೈಲಿನ ಮುಖ ತಿರುಗಿಸಿದವರು ಯಾರು? ಅತ್ಯಾ ಎಂದು ನಾನು ತೀರ್ಮಾನಿಸಿಯಾಗಿತ್ತು. ಎಡಕ್ಕೆ ಸುತ್ತುವುದನ್ನು ಕಂಡವಳು ಅವಳೊಬ್ಬಳೇ. ನಾನು ಕಾಕಾನ ಮೇಲೆ ಗೂಬೆ ಕೂರಿಸುವಾಗ ಸುಮ್ಮನಿದ್ದವಳೂ ಅವಳೇ. ಈ ಉತ್ತರಕ್ಕೂ ಪೂರ್ತಿ ಅಂಕ ಬರಬೇಕು. ಮೊನ್ನೆ ಹಳೆಯ ದಿನಚರಿ ತಿರುವುವಾಗ ಮಾತ್ರ ಒಂದು ನೆನಪು ಕರೆಯದೆ ಬಂತು: ಪೆಟ್ಟಿಗೆಯ ರಟ್ಟಿನ ವಾಸನೆ, ಅಂಗೈಯಲ್ಲಿ ಎಂಜಿನ್ನಿನ ತಣ್ಣನೆಯ ಭಾರ, ಕಿಟಕಿಯಲ್ಲಿ ಬೆಳಗಿನ ಬಿಸಿಲು. ಈ ನೆನಪಿನಲ್ಲಿ ಡಬ್ಬಿಗಳು ಕೆಂಪಾಗಿವೆ. ದಿನಚರಿಯಲ್ಲಿ ಈ ಬಗ್ಗೆ ಒಂದಕ್ಷರವೂ ಇಲ್ಲ. ಅತ್ಯಾ ಈಗಲೂ ಅದೇ ಕಂಬಕ್ಕೊರಗಿ ಬತ್ತಿ ಹೊಸೆಯುತ್ತಾಳೆ. ಹೋಗಿ ಅವಳ ಪಕ್ಕ ಕೂತೆ. ಅವಳು ಒಮ್ಮೆ ನನ್ನ ಮುಖ ನೋಡಿ, ಮತ್ತೊಂದು ಎಳೆ ಹತ್ತಿ ಕೈಗೆತ್ತಿಕೊಂಡಳು.

“ಅತ್ಯಾ, ಆವತ್ತ ಬೆಳಿಗ್ಗೆ ರೈಲು ಹಳಿ ಮ್ಯಾಲೆ ಇಟ್ಟಾಕಿ ನೀನೋ, ನಾನೋ?”