ಹದಿನಾರಕ್ಕೇ ತುಂಬುವ ಹೊಟ್ಟೆ

ಹೆಚ್ಚು ಸುರಿದರೆ ಹೆಚ್ಚು ಹಿಡಿಯುತ್ತದೆ ಎಂದು ನಂಬಿದವರನ್ನು ಕಂಡರೆ ನನಗಾಗುವುದಿಲ್ಲ. ಅಂಥವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮಲ್ಲಿ ಆ ಸ್ಥಾನ ನನ್ನ ಹೆಂಡತಿಯ ಅಣ್ಣನದು. ಮುಂಬಯಿಯಲ್ಲಿ ಹೋಟೆಲು. ಊರಿಗೆ ಬರಿಗೈಯಲ್ಲಿ ಬಂದವರಲ್ಲ, ತಂದದ್ದು ಯಾರಿಗೂ ಉಪಯೋಗಕ್ಕೆ ಬಂದದ್ದೂ ಇಲ್ಲ. ಒಮ್ಮೆ ಅತ್ತೆಗೆ ರೊಟ್ಟಿ ಒತ್ತುವ ಯಂತ್ರ ತಂದಿದ್ದರು. ಕುಚ್ಚಲಕ್ಕಿ ಗಂಜಿ ಬಿಟ್ಟು ಬೇರೇನೂ ಉಣ್ಣದ ಅತ್ತೆ ಅದನ್ನು ಉಪ್ಪಿನಕಾಯಿ ಭರಣಿಯ ಮೇಲೆ ಭಾರಕ್ಕಿಟ್ಟಿದ್ದಾರೆ.

ಕುಂದಾಪುರದಲ್ಲಿ ನನ್ನದೊಂದು ಸ್ಟುಡಿಯೋ. ಮದುವೆ ಆಲ್ಬಮ್ ಮಾಡಿಕೊಡುವ ಕೆಲಸ. ಈಗಿನ ಕ್ಯಾಮೆರಾಗಳಲ್ಲಿ ಮದುಮಗಳ ಮುಖಕ್ಕಿಂತ ಅವಳ ಹಿಂದೆ ಆಕಳಿಸುವವರ ಹಲ್ಲೇ ಸ್ಪಷ್ಟ, ಹಾಗಾಗಿ ಒಂದೊಂದು ಫೋಟೋವೂ ದೈತ್ಯ. ಕೋಡಿಯಲ್ಲಿ ಮೀನು ಮಾರುವ ಗುಲಾಬಕ್ಕನ ಮಗಳ ಆಲ್ಬಮ್ಮಿಗೆ ಕೂತರೆ ನಾಲ್ಕನೇ ಪುಟಕ್ಕೇ ಕಂಪ್ಯೂಟರು ಕಣ್ಣು ಮುಚ್ಚುತ್ತಿತ್ತು. ಮಗಳು ಭಾನುವಾರ ಗಂಡನ ಊರು ಕಾರವಾರಕ್ಕೆ ಹೊರಡುವವಳು. ಆಲ್ಬಮ್ ಅವಳ ಕೈಯಲ್ಲೇ ಹೋಗಬೇಕು. "ಅಲ್ಲಿಯರ್ ಫೋಟೋ ಕೇಂಡ್ರೆ ನನ್ ಮಗ್ಳ್ ಎಂತ ತೋರ್ಸುದ್? ನಿಮ್ ಮೋರೆಯಾ?" ಎಂದು ಗುಲಾಬಕ್ಕ ಕೇಳಿ ಹೋಗಿದ್ದರು.

ರ‍್ಯಾಮ್ ಸಾಲುತ್ತಿಲ್ಲ ಎಂದು ಭಾವನ ಹತ್ತಿರ ಫೋನಿನಲ್ಲಿ ಗೊಣಗಿದ್ದೇ ತಪ್ಪಾಯಿತು. ರ‍್ಯಾಮ್ ಎಂದರೆ ಕಂಪ್ಯೂಟರು ಕೆಲಸದ ಹೊತ್ತಿಗೆ ಸಾಮಾನು ಹರಡಿಕೊಳ್ಳುವ ಜಾಗ. ನನ್ನದರಲ್ಲಿ ಹದಿನಾರು ಜಿಬಿ ಇತ್ತು. ಬುಧವಾರ ಭಾವ ಮೂವತ್ತೆರಡರದೊಂದು ಜೊತೆ, ಒಟ್ಟು ಅರವತ್ತನಾಲ್ಕು ಜಿಬಿ ಹಿಡಿದುಕೊಂಡು ಬಸ್ಸಿಳಿದರು. ರ‍್ಯಾಮ್ ಕೂರುವ ನನ್ನ ಮದರ್‌ಬೋರ್ಡ್ ಎಷ್ಟು ಹಿಡಿಯುತ್ತದೆ ಎಂದು ಒಂದು ಮಾತು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ.

ಹಳೆಯದನ್ನು ಕಿತ್ತು ಹೊಸದನ್ನು ಅವರೇ ಕೂರಿಸಿ ಗುಂಡಿ ಒತ್ತಿದರು. ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು, ಒಳಗಿಂದ ಕೀಂ ಕೀಂ ಎಂದಿತು. ನಾನು ಪ್ಲಗ್ಗು ಕೀಳಲು ಹೋದೆ. ಭಾವ ಮಾತ್ರ, "ಸ್ವಲ್ಪ ಹೊತ್ ಬಿಡಿ, ಅಭ್ಯಾಸ ಆತ್ತ್" ಎಂದರು. ಅದನ್ನೇನು ಹೊಸ ಸೊಸೆ ಎಂದುಕೊಂಡಿದ್ದರೋ. ಬೋರ್ಡಿನ ಕಂಪನಿಯ ಸೈಟು ನೋಡಿದೆ: ರ‍್ಯಾಮ್ ಸಿಕ್ಕಿಸುವ ಸ್ಲಾಟು ಎರಡು, ಒಂದೊಂದಕ್ಕೆ ಎಂಟು, ಒಟ್ಟು ಹದಿನಾರಕ್ಕೆ ಮುಗಿಯಿತು. ಅದೆಲ್ಲ ಸುಮ್ಮನೆ ಬರೆಯುವುದು, ತಮ್ಮ ಹೋಟೆಲಿನಲ್ಲಿ ನಾಲ್ಕು ಜನರ ಮೇಜಿಗೆ ಆರು ಜನ ಕೂರುವುದಿಲ್ಲವೇ ಎಂದರು ಭಾವ. ಕೂರುತ್ತಾರೆ. ಆ ಮೇಜಿನಲ್ಲಿ ಪಕ್ಕದವನ ಸಾಂಬಾರಿಗೆ ಮೊಣಕೈ ಅದ್ದಿ ನಾನೂ ತಿಂದಿದ್ದೇನೆ.

ಹಳೆಯದನ್ನೇ ಹಾಕಿದರೆ ಮತ್ತೆ ಅದೇ ನಾಲ್ಕನೇ ಪುಟ. ಬೇರೆ ದಾರಿಯಿಲ್ಲದೆ ಗುರುವಾರ ಉಡುಪಿಗೆ ಹೋಗಿ ದೊಡ್ಡ ಮದರ್‌ಬೋರ್ಡ್ ತಂದೆ, ಅದಕ್ಕೆ ಹೊಂದುವ ಪ್ರೊಸೆಸರನ್ನೂ. ಭಾವನ ಪುಕ್ಕಟೆ ರ‍್ಯಾಮಿಗೆ ನನ್ನ ಒಂದು ಮದುವೆಯ ಸಂಪಾದನೆ ಹೋಯಿತು. ಅಣ್ಣ ತಂದದ್ದು ಎಷ್ಟು ಉಪಯೋಗಕ್ಕೆ ಬಂತು ನೋಡಿ ಎಂದು ಹೆಂಡತಿ ಊರೆಲ್ಲ ಹೇಳಿದಳು. ಆಲ್ಬಮ್ ಅಚ್ಚಾಗಿ ಶನಿವಾರ ಸಂಜೆ ಬಂತು. ಗುಲಾಬಕ್ಕ ಕೈ ಒರೆಸಿಕೊಂಡು ಪುಟ ಪುಟ ನೋಡಿ, ಅಡ್ಡಿಲ್ಲ ಎಂದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮಗಳು ಅದನ್ನು ಮಗುವಿನಂತೆ ಅಪ್ಪಿಕೊಂಡು ಹೋದಳು, ನನಗೂ ಸಂತೋಷವಾಯಿತು.

ಭಾವನೂ ಮುಂಬಯಿ ಬಸ್ಸು ಹತ್ತಿದರು. ನಿಶ್ಚಿಂತೆಯಿಂದ ಕಂಪ್ಯೂಟರಿನ ಮುಚ್ಚಳ ಹಾಕಲು ಕೂತೆ. ಹೊಸ ಬೋರ್ಡಿನಲ್ಲಿ ನಾಲ್ಕು ಸ್ಲಾಟು, ಭಾವನದು ಕೂತದ್ದು ಎರಡರಲ್ಲಿ. ಬೋರ್ಡು ಬಂದ ಡಬ್ಬ ತಿರುಗಿಸಿ ನೋಡಿದೆ, ನೂರಿಪ್ಪತ್ತೆಂಟರವರೆಗೆ ಹಿಡಿಯುತ್ತದಂತೆ. ಮುಚ್ಚಳ ಕೆಳಗಿಟ್ಟು ಫೋನ್ ಎತ್ತಿಕೊಂಡೆ.

"ಭಾವ, ಮುಂದಿನ್ ಸಲ ಬಪ್ಪತಿಗೆ ಇನ್ನೊಂದ್ ಜೊತೆ ರ‍್ಯಾಮ್ ತಕಂಡ್ ಬತ್ರಿಯಾ? ಎರ್ಡ್ ಜಾಗ ಖಾಲಿ ಬಿದ್ಕಂಡಿತ್ತ್, ಕಾಂಬುಕೆ ಆತಿಲ್ಲೆ."