ಅಳಿಯನ ಕಡ್ಡಿ

ಎಪ್ಪತ್ತರ ದಶಕದ ಮಾತು. ಬಿದಿರ ಬುಟ್ಟಿ ಹೆಣೆಯುವ ಕಸುಬನ್ನು ಉದ್ಧಾರ ಮಾಡಲೆಂದೇ ನಾನು ಹುಟ್ಟಿದ್ದೇನೆ ಎಂಬುದು ನನಗೆ ಖಾತ್ರಿಯಾಗಿತ್ತು!

ನಾನು ಮುದ್ದೇಬಿಹಾಳದಲ್ಲಿ ಚಿತ್ರಕಲಾ ಮಾಸ್ತರ. ತಂಗಡಗಿಯ ನಮ್ಮ ಮಾವ ಒಮ್ಮೆ ಎಲ್ಲರೆದುರು, "ಅಳಿಯಂದ್ರ, ಗೆರಿ ಎಳಿಯೂದು ಬಿಟ್ಟು ಮತ್ತೇನರ ಬರ್ತೈತೇನ್ರಿ ನಿಮಗ?" ಎಂದುಬಿಟ್ಟಿದ್ದರು. ಆ ಬಾಯಿಂದ ಒಂದೇ ಒಂದು 'ಭಲೇ' ಹೊರಡಿಸದೆ ಬಿಡಬಾರದೆಂದು ನಿಶ್ಚಯಿಸಿದೆ.

ಹಿಂದಿನ ಓಣಿಯಲ್ಲಿ ಬುಟ್ಟಿ ಹೆಣೆಯುವ ದುರಗವ್ವ ಇದ್ದಳು. ಅಳತೆಯಿಲ್ಲ, ನಕ್ಷೆಯಿಲ್ಲ. ಕಾಲ್ಬೆರಳಿನಿಂದ ಕಡ್ಡಿ ಒತ್ತಿ ಹಿಡಿದು, ಹರಟೆ ಹೊಡೆಯುತ್ತ ಹೆಣೆಯುವುದೇ! ಸುಧಾರಣೆ ತುರ್ತಾಗಿ ಬೇಕಿತ್ತು. ಬಡಿಗೇರನಿಂದ ಒಂದು ದುಂಡನೆಯ ಹಲಗೆ ಮಾಡಿಸಿ, ಅಂಚಿಗೆ ಸಮದೂರದಲ್ಲಿ ಹದಿನಾರು ಕಚ್ಚು ಕೊರೆಸಿದೆ. ಎಂಟು ಉದ್ದ ಕಡ್ಡಿ ಅಡ್ಡಡ್ಡ ಇಟ್ಟು, ಹದಿನಾರು ತುದಿಗಳನ್ನು ಕಚ್ಚುಗಳಲ್ಲಿ ಮೇಲೆ ಬಗ್ಗಿಸಿ, ಸುತ್ತ ಬಿದಿರ ಸೀಳು ಹೆಣೆದರೆ ಮುಗಿಯಿತು!

ದುರಗವ್ವ ಹಲಗೆ ತಿರುವಿ ನೋಡಿದಳು. "ಅಳಿಯ ಎಲ್ಲಿ ಅದಾನ್ರಿ ಮಾಸ್ತರ್ರ?"

"ಯಾವ ಅಳಿಯ?"

"ಜೋಡಿ ಇಲ್ಲದ್ದು ಒಂದು ಗಿಡ್ಡ ಕಡ್ಡಿ ಸೇರಸ್ತೇವ್ರಿ. ಹೊರಗಿಂದ ಬಂದಾವ, ಯಾರ ಜೋಡಿನೂ ಕೂಡೂದಿಲ್ಲ. ಅದಕ ಅಳಿಯ ಅಂತೇವಿ. ಅವ ಇಲ್ಲಂದ್ರ ಬುಟ್ಟಿ ನಿಲ್ಲೂದಿಲ್ರಿ."

ಹದಿನೇಳು! ನನ್ನ ನಕ್ಷೆಯ ಚೆಲುವಿಗೇ ಕಳಂಕ! "ಇದೆಲ್ಲಾ ಮೂಢನಂಬಿಕಿ," ಎಂದೆ.

"ಆಗ್ಲಿ ಬಿಡ್ರಿ, ಕಲತವ್ರು," ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ನಾನೇ ಹೆಣೆದೆ. ಬುಟ್ಟಿಯ ಬಾಯಿಯ ಸುತ್ತ ಹುರಿ ಬಿಗಿದು, ಬೇವಿನ ನೆರಳಿಗೆ ಒರಗಿದೆ. ಕಣ್ಣು ಮುಚ್ಚಿದರೆ ಕೃಷ್ಣೆಯ ತುಂಬ ನನ್ನ ಬುಟ್ಟಿಗಳು! ಹುಣ್ಣಿಮೆಯ ಚಂದ್ರರಂತೆ ಒಂದರ ಹಿಂದೊಂದು ಮೆಲ್ಲಗೆ ತೇಲುತ್ತಿವೆ. ದಂಡೆಯ ಮೇಲೆ ಮಾವ ಕೈಮುಗಿದು ನಿಂತಿದ್ದಾರೆ. ನೀರೇ 'ಭಲೇ, ಭಲೇ' ಎನ್ನುತ್ತಿದೆ...

"ಏಳ್ರೀ, ಬಾಯಾಗ ನೊಣ ಹೊಂಟಾವು!" ಎಂದಳು ಹೆಂಡತಿ ಶಾಂತಾ.

ಮರುದಿನ ತಂಗಡಗಿಯಲ್ಲಿ ನಾದಿನಿಯ ಚೊಚ್ಚಲ ಬಸಿರಿನ ಕುಬಸದ ಕಾರ್ಯ. ನನ್ನ ಬುಟ್ಟಿಯಲ್ಲೇ ಶಾಂತಾ ಕಟ್ಟಿದ ಸೇಂಗಾ ಉಂಡಿ ತುಂಬಿಸಿದೆ.

"ಯಾಕೋ ಅಲುಗಾಡತೈತಲ್ರಿ," ಎಂದಳು ಶಾಂತಾ.

"ಹೊಸಾದು. ಹಂಗ ಇರತೈತಿ!"

ಪಡಸಾಲೆಯ ತುಂಬ ಬೀಗರು. ಬುಟ್ಟಿಯನ್ನು ಮಾವನ ಮುಂದಿಟ್ಟು, "ಹುರಿ ಬರೇ ಶೋಕಿಗೆ ಕಟ್ಟೇನ್ರಿ. ಹೆಣಿಗಿ ನೋಡ್ರಿ, ಹೆಂಗೈತಿ!" ಎಂದು ನಾನೇ ಬಿಚ್ಚಿದೆ.

ಕಡ್ಡಿಗಳು ಹೂವಿನಂತೆ ಅರಳಿದವು. ಸುತ್ತುಗಳು ಹೊಳೆಯ ಅಲೆಗಳಂತೆ ಒಂದೊಂದೇ ಜಾರಿದವು. ಆಗ ಕಣ್ಣಿಗೆ ಬಿತ್ತು: ಸಮಸಂಖ್ಯೆಯ ಕಡ್ಡಿಗಳಲ್ಲಿ ಪ್ರತಿ ಸುತ್ತೂ ಅದೇ ಕಡ್ಡಿಯ ಹೊರಗೆ, ಅದೇ ಕಡ್ಡಿಯ ಒಳಗೆ ಹಾದಿತ್ತು. ಒಂದು ಸುತ್ತು ಇನ್ನೊಂದನ್ನು ಹಿಡಿದೇ ಇರಲಿಲ್ಲ! ಸುತ್ತು ಸುತ್ತಿಗೂ ಸೀಳಿನ ದಾರಿ ತಪ್ಪಿಸಲು ಆ ಒಂಟಿ ಅಳಿಯ ಬೇಕಿತ್ತು.

ಉಂಡಿಗಳು ನಿಧಾನಕ್ಕೆ, ಕನಸಿನಲ್ಲಿ ಉರುಳಿದಂತೆ, ಬೀಗರ ಕಾಲಡಿಗೆ ಉರುಳಿದವು. ಒಂದೂ ಒಡೆಯಲಿಲ್ಲ. ಮಾವ ಒಂದನ್ನೆತ್ತಿ ಊದಿ ಬಾಯಿಗೆ ಹಾಕಿಕೊಂಡರು.

"ಭಲೇ!" ಎಂದರು.

ನನ್ನ ಮನಸ್ಸು ಮುಗಿಲಿಗೆ ಹಾರಿತು.

"ಉಂಡಿ ಗಟ್ಟಿ ಅದಾವ, ಶಾಂತಾ."

ಊಟಕ್ಕೆ ಎದುರುಬದುರಾಗಿ ಎಂಟೆಂಟು ತಾಟು ಹಾಕಿದ್ದರು. ಎಲ್ಲರೂ ಕೂತರು. ನಾನು ಕಂಬ ಹಿಡಿದು ನಿಂತೇ ಇದ್ದೆ. ಮಾವ ಅಡುಗೆಮನೆಯತ್ತ ಕೂಗಿದರು: "ಏ, ಇನ್ನೊಂದು ತಾಟು ಹಾಕ್ರಿ! ಅಳಿಯ ಉಳದಾರ!"

ಎಣಿಸಿದೆ. ನಾನು ಹದಿನೇಳನೆಯವನು.

ಆ ಇಡೀ ಪಂಕ್ತಿಯಲ್ಲಿ ಗಿಡ್ಡನೂ ನಾನೇ!