ಗಿರಾಕಿ ಕರೆಯುವ ಗೊರಕೆ

ಹಾಸಿಗೆ ಅಂಗಡಿಯಲ್ಲಿ ಕೆಲಸ ಮಾಡುವವನಿಗೆ ನಿದ್ದೆ ಬರಕೂಡದು ಎಂಬುದು ಯಜಮಾನರ ಕಾಯಿದೆ. ಬೆಕ್ಕನ್ನು ಮೀನಂಗಡಿಗೆ ಕಾವಲಿಟ್ಟು ಉಪವಾಸ ಮಾಡು ಅಂದ ಹಾಗೆ. ಆ ಬೆಕ್ಕಿನ ಪಾಡು ನಮ್ಮ ಗುಡುಗಪ್ಪನದು. ಗುಡುಗಪ್ಪ ಅವನ ಹೆಸರಲ್ಲ, ಗೊರಕೆ ಕೇಳಿದವರು ಕೊಟ್ಟ ಬಿರುದು. ರಾತ್ರಿಯಿಡೀ ಮಲಗಿದರೂ ಬೆಳಿಗ್ಗೆ ತಲೆಭಾರ, ಹಗಲೆಲ್ಲ ತೂಕಡಿಕೆ.

ಆ ದಿನ ಗಿರಾಕಿಯೊಬ್ಬರಿಗೆ ಸ್ಪ್ರಿಂಗ್ ಹಾಸಿಗೆಯ ಗುಣಗಾನ ಮಾಡುತ್ತಾ ಮಾಡುತ್ತಾ ಅವರ ಹೆಗಲ ಮೇಲೇ ತಲೆಯಿಟ್ಟುಬಿಟ್ಟ. ಯಜಮಾನರು ಕೆಂಡವಾದರು.

"ಇನ್ನೊಂದ್ಸಲ ಕಣ್ಣು ಮುಚ್ಚಿದ್ರೆ ಮನೇಲೇ ಮುಚ್ಕೊಂಡಿರು. ಕೆಲಸ ಇಲ್ಲ!"

ಉಪಚಾರ ಶುರುವಾಯಿತು. ಕ್ಯಾಷಿಯರಮ್ಮ ಮುಖಕ್ಕೆ ತಣ್ಣೀರು ಎರಚಿದರು. ದಿಂಬು ಮಾರುವ ದಿಂಬಣ್ಣ, "ಬರೀ ಸೋಮಾರಿತನ ಕಣೋ. ನಮ್ಮ ಭಾವನಿಗೂ ಇತ್ತು, ಮದುವೆ ಆದ್ಮೇಲೆ ನಿದ್ದೆನೇ ಬರಲ್ಲ" ಎಂದ.

"ನಂಗೂ ಮದುವೆ ಆಗಿದೆಯಲ್ಲಣ್ಣ. ನಮ್ಮನೇಲಿ ನಿದ್ದೆ ಬರದೇ ಇರೋದು ಹೆಂಡ್ತಿಗೆ."

ಮಧ್ಯಾಹ್ನ ಕಿಟಕಿ ಪಕ್ಕದ ಹಾಸಿಗೆಯ ಹೊದಿಕೆ ಸರಿಮಾಡಲು ಮಂಡಿಯೂರಿದ. ಮಂಡಿಯ ಹಿಂದೆ ಮೈ, ಮೈಯ ಹಿಂದೆ ಗೊರಕೆ. ಗಾಜಿನಾಚೆ ಜನ ಮುತ್ತಿದರು. "ಇದರ ಮೇಲೆ ಇಷ್ಟು ಸುಖವಾಗಿ ನಿದ್ದೆ ಬರುತ್ತಾ?" ಎಂದು ಒಳಗೆ ನುಗ್ಗಿದರು. ಹೊಡೆಯಲು ಕೈಯೆತ್ತಿ ಬಂದ ಯಜಮಾನರು ಅದೇ ಕೈಯಿಂದ ಗಿರಾಕಿಗಳನ್ನು ಕರೆದರು.

ದಿಂಬು ಕೊಳ್ಳಲು ಬಂದಿದ್ದ ನರ್ಸಮ್ಮ ಒಬ್ಬರು ಮಾತ್ರ ಕಿವಿಗೊಟ್ಟು ನಿಂತರು. ಗೊರಕೆ ತಟ್ಟನೆ ನಿಂತಿತು. ಎದೆ ಏಳುತ್ತಿತ್ತು, ಉಸಿರಿರಲಿಲ್ಲ. ಆಮೇಲೆ ನೀರಲ್ಲಿ ಮುಳುಗಿದವನು ಮೇಲೆದ್ದ ಹಾಗೆ ಏದುಸಿರು. ಅವರು ಅವನನ್ನು ಅಲುಗಿಸಿ ಎಬ್ಬಿಸಿದರು.

"ಇದು ಸೋಮಾರಿತನ ಅಲ್ಲಪ್ಪ, ಕಾಯಿಲೆ. ಸ್ಲೀಪ್ ಆಪ್ನಿಯಾ ಅಂತಾರೆ. ನಿದ್ದೇಲಿ ಗಂಟಲು ಮುಚ್ಕೊಂಡು ಉಸಿರು ಕಟ್ತಿದೆ. ಹಾಗೇ ಬಿಟ್ರೆ ಹೃದಯಕ್ಕೆ ಪೆಟ್ಟು. ಆಸ್ಪತ್ರೇಲಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡ್ತಾರೆ, ಮಾಡಿಸ್ಕೋ. ಉಸಿರಿಗೆ ಮಷೀನ್ ಕೊಡ್ತಾರೆ, ಗೊರಕೆನೂ ನಿಲ್ಲುತ್ತೆ."

ಅಲ್ಲೇ ಆಸ್ಪತ್ರೆಗೆ ಫೋನ್ ಮಾಡಿ ಜಾಗವನ್ನೂ ಹಿಡಿದರು. "ಇವತ್ತು ಒಂದೇ ಹಾಸಿಗೆ ಖಾಲಿ ಇದೆ. ತಪ್ಪಿದ್ರೆ ಇನ್ನು ಎರಡು ತಿಂಗಳು. ಈಗಲೇ ಹೊರಡು."

ಗುಡುಗಪ್ಪನಿಗೆ ಸಂತೋಷಕ್ಕೆ ಅಳುವೇ ಬಂತು. ತಾನು ಸೋಮಾರಿಯಲ್ಲ, ರೋಗಿ! "ಯಜಮಾನ್ರೇ, ರಜೆ..." ಎಂದ.

ಯಜಮಾನರ ಮುಖ ಬಿಳಿಚಿಕೊಂಡಿತ್ತು. "ನರ್ಸಮ್ಮಾ, ಈ ಗೊರಕೆ, ತಲೆನೋವು, ಊಟ ಆದ್ಮೇಲೆ ಗಲ್ಲಾಪೆಟ್ಟಿಗೆ ಮೇಲೆ ತಲೆ ಬೀಳೋದು... ಇದೂ ಅದೇನಾ?"

"ಇರಬಹುದು. ಯಾರಿಗೆ?"

"ನಂಗೆ! ದುಡಿದ ಆಯಾಸ ಅಂದ್ಕೊಂಡಿದ್ನಲ್ರೀ!" ಯಜಮಾನರು ಕಾರಿನ ಕೀ ಹಿರಿದರು. "ಆ ಹಾಸಿಗೆ ನಂಗೇ ಇರ್ಲಿ!"

"ಅದು ಅವನ ಜಾಗ!" ನರ್ಸಮ್ಮ ಅಡ್ಡ ನಿಂತರು.

"ಅವನಿಗೆ ಇಲ್ಲಿ ಜಾಗ ಕೊಟ್ಟೋನೇ ನಾನು."

"ಯಜಮಾನ್ರೇ, ನನ್ನ ಕೆಲಸ?" ಗುಡುಗಪ್ಪ ಕೇಳಿದ.

"ಗಟ್ಟಿ! ಇನ್ಮೇಲೆ ಕಿಟಕಿ ಪಕ್ಕ ಮಲಗೋದೇ ನಿನ್ನ ಕೆಲಸ. ಗಿರಾಕಿ ಬರ್ಲಿ. ಆದ್ರೆ ವಾಸಿ ಗೀಸಿ ಮಾಡ್ಕೊಂಡ್ಯೋ, ಅವತ್ತೇ ಮನೆಗೆ!"

ಯಜಮಾನರು ಹೊರಟೇಹೋದರು, ಬೈಯುತ್ತಾ ನರ್ಸಮ್ಮನೂ ಅವರ ಹಿಂದೆ ಓಡಿದರು. ಗುಡುಗಪ್ಪ ಕಿಟಕಿ ಪಕ್ಕ ಮಲಗಿದ. ಗಾಜಿನಾಚೆ ಜನ ಕಾದರು. ಕಣ್ಣು ಮುಚ್ಚಿದರೆ ಉಸಿರು ನಿಂತೀತೆಂಬ ಭಯಕ್ಕೆ ಅವನಿಗೆ ನಿದ್ದೆಯೇ ಹತ್ತಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಚದುರತೊಡಗಿದರು.

ಕ್ಯಾಷಿಯರಮ್ಮ ಧಾವಿಸಿ ಬಂದರು. "ಕೆಲಸದ ಹೊತ್ತಲ್ಲಿ ಎಚ್ಚರವಾಗಿದ್ದೀಯಲ್ಲೋ, ಸೋಮಾರಿ!"